ಲ್ಯಾಟಿನ್ ಏಕೆಂದು ಕೇಳಿದ ಮಾಳದ ಮಗಳು

ಸ್ವಾರಗೇಟ ಗೊತ್ತಿಲ್ಲದ ಪುಣೆಯ ಕನ್ನಡಿಗ ಸಿಗುವುದು ಕಷ್ಟ. ಬೆಳಗಾವಿ, ಹುಬ್ಬಳ್ಳಿ, ವಿಜಯಪುರದ ಕಡೆಯಿಂದ ರಾತ್ರಿಯೆಲ್ಲ ಕುಲುಕಿಸಿಕೊಂಡು ಬಂದ ಬಸ್ಸು ನಮ್ಮನ್ನು ಇಳಿಸುವುದು ಇಲ್ಲಿ. ಹಬ್ಬಕ್ಕೆ ಊರಿಗೆ ಹೊರಟಾಗ ಬ್ಯಾಗು ಹೊತ್ತು ಕಾಯುವುದೂ ಇಲ್ಲೇ. ಆದರೆ ನಿಲ್ದಾಣದಿಂದ ನಡೆದೇ ಹೋಗಬಹುದಾದ ಗುರುವಾರ ಪೇಠೆಯ ಪಂಚಹೌದ್ ಮಿಷನ್ನಿನ ಚರ್ಚು, ಅದರ ಎತ್ತರದ ಗಂಟೆಗೋಪುರ ನಮ್ಮಲ್ಲಿ ಎಷ್ಟು ಜನರ ಕಣ್ಣಿಗೆ ಬಿದ್ದಿದೆಯೋ ಕಾಣೆ. ಐದು ನೀರಿನ ಹೌದುಗಳಿದ್ದ ಜಾಗವಾದ್ದರಿಂದ ಆ ಹೆಸರು.

ಮರಾಠಿ ಓದುಗರಿಗೆ ಪಂಚಹೌದ್ ಎಂದರೆ ಒಂದು ಚಹಾದ ನೆನಪು. 1890ರ ಅಕ್ಟೋಬರಿನಲ್ಲಿ ಅಲ್ಲಿ ನಡೆದ ಕಾರ್ಯಕ್ರಮಕ್ಕೆ ನ್ಯಾಯಮೂರ್ತಿ ರಾನಡೆ, ಬಾಲಗಂಗಾಧರ ತಿಲಕ್ ಮೊದಲಾದ ಗಣ್ಯರು ಹೋಗಿದ್ದರು. ಮಿಷನ್ನಿನವರು ಚಹಾ, ಬಿಸ್ಕತ್ತು ಕೊಟ್ಟರು. ಕೆಲವರು ಕುಡಿದರು, ಕೆಲವರು ಮರ್ಯಾದೆಗೆ ಕಪ್ಪು ಮುಟ್ಟಿದರು. ಹೋದವರ ಹೆಸರುಗಳು ಪತ್ರಿಕೆಯಲ್ಲಿ ಅಚ್ಚಾದವು. ದೂರು ಶಂಕರಾಚಾರ್ಯರವರೆಗೆ ಹೋಯಿತು, ವಿಚಾರಣೆ ನಡೆಯಿತು, ಪ್ರಾಯಶ್ಚಿತ್ತದ ಮಾತು ಬಂತು. ಕೊನೆಗೆ ರಾನಡೆಯಂಥ ಸುಧಾರಕರೂ ಪ್ರಾಯಶ್ಚಿತ್ತ ಮಾಡಿಕೊಂಡರು. ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ನಮ್ಮಲ್ಲಿ ಹೇಳುವುದು ಇಂಥದ್ದಕ್ಕೇ.

ಈ ಕಥೆ ಹೇಳಿ ನಕ್ಕು ಮುಂದೆ ಹೋಗುವುದು ಸುಲಭ. ಆದರೆ ಅದೇ ಪಂಚಹೌದಿನ ಸನ್ಯಾಸಿನಿಯರ ಜೊತೆ ಸಂಬಂಧ ಬೆಳೆಸಿ, ಅವರ ಧರ್ಮವನ್ನೇ ಸ್ವೀಕರಿಸಿದ ಹೆಂಗಸೊಬ್ಬಳು, ಚಹಾ ಕೊಟ್ಟವರ ಮನೆಯಲ್ಲೂ ಮಡಿ ಮೈಲಿಗೆ ಇದೆ, ಅದರ ಹೆಸರು ಮಾತ್ರ ಬೇರೆ ಎಂದು ಅಷ್ಟರಲ್ಲೇ ಕಂಡುಕೊಂಡಿದ್ದಳು. ಆಕೆ ಪಂಡಿತಾ ರಮಾಬಾಯಿ. ಮೂಲತಃ ನಮ್ಮ ಕಾರ್ಕಳ ತಾಲ್ಲೂಕಿನ ಮಾಳದ ಮನೆತನದವಳು.

ಮಾಳ ಪಶ್ಚಿಮ ಘಟ್ಟದ ಬುಡದ ಊರು. ಚಿತ್ಪಾವನ ಬ್ರಾಹ್ಮಣರು ತಲೆಮಾರುಗಳಿಂದ ನೆಲೆಸಿದ್ದು, ಈಗಲೂ ಮನೆಯೊಳಗೆ ಚಿತ್ಪಾವನಿ ಮಾತಾಡುವವರು ಅಲ್ಲಿದ್ದಾರೆ. ಅಲ್ಲಿನ ಅನಂತಶಾಸ್ತ್ರಿ ಡೋಂಗ್ರೆ ಓದಲು ಬಂದದ್ದು ಪುಣೆಗೆ. ಅವರ ಗುರು ರಾಮಚಂದ್ರಶಾಸ್ತ್ರಿ ಸಾಠೆ ಪೇಶ್ವೆ ಎರಡನೇ ಬಾಜಿರಾಯನ ಹೆಂಡತಿಗೆ ಸಂಸ್ಕೃತ ಕಲಿಸುತ್ತಿದ್ದರು. ಹೆಂಗಸೊಬ್ಬಳು ಶ್ಲೋಕ ಹೇಳುವುದನ್ನು ಕಂಡ ಶಿಷ್ಯನಿಗೆ ತನ್ನ ಹೆಂಡತಿಗೂ ಕಲಿಸಬೇಕೆನಿಸಿತು. ಊರಿಗೆ ಬಂದು ಕಲಿಸಲು ಹೊರಟರೆ ಮನೆಯವರು, ಜಾತಿಯವರು ಬಿಡಲಿಲ್ಲ. ಉಡುಪಿಯಲ್ಲಿ ಪಂಡಿತರ ಸಭೆಯೆದುರು ನಿಂತು, ಹೆಂಗಸರಿಗೆ ಸಂಸ್ಕೃತ ಕಲಿಸಬಾರದೆಂದು ಶಾಸ್ತ್ರದಲ್ಲಿ ಎಲ್ಲಿಯೂ ಇಲ್ಲವೆಂದು ಶಾಸ್ತ್ರದಿಂದಲೇ ಆಧಾರ ತೋರಿಸಬೇಕಾಯಿತು. ಗೆದ್ದರೂ ಊರಿನ ಸಹವಾಸ ಸಾಕೆನಿಸಿ ಗಂಗಾಮೂಲದ ಕಾಡಿಗೆ ಹೋಗಿ ಆಶ್ರಮ ಕಟ್ಟಿದರು. ರಮಾ ಹುಟ್ಟಿದ್ದು ಅಲ್ಲಿ, 1858ರ ಏಪ್ರಿಲ್ 23ರಂದು.

ಒಂದು ಮಾತು ಗಮನಿಸಬೇಕು. ಇಷ್ಟು ಧೈರ್ಯ ತೋರಿದ ಅನಂತಶಾಸ್ತ್ರಿಗಳೂ ಹೆಂಗಸರಿಗೆ ವೇದ ಕಲಿಸಲಿಲ್ಲ. ಪುರಾಣ, ಕಾವ್ಯ, ವ್ಯಾಕರಣದವರೆಗೆ ಮಾತ್ರ. ಗೆರೆಯನ್ನು ಸ್ವಲ್ಪ ಆಚೆ ತಳ್ಳಿದರು, ಅಳಿಸಲಿಲ್ಲ.

ಮಗುವಿಗೆ ಆರು ತಿಂಗಳಾದಾಗ ಆಶ್ರಮದ ಗಂಟು ಕರಗಿ ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಹೊತ್ತುಕೊಂಡು ಹೋದರು. ದೇವಸ್ಥಾನದಲ್ಲಿ ಪುರಾಣ ಓದುವುದು, ಬಂದ ದಕ್ಷಿಣೆಯಲ್ಲಿ ದಾನ ಮಾಡುವುದು, ಮುಂದಿನ ಊರಿಗೆ ನಡೆಯುವುದು. ವರ್ಷಗಟ್ಟಲೆ ಇದೇ ಬದುಕು. ತಾಯಿ ಲಕ್ಷ್ಮೀಬಾಯಿ ದಾರಿಯಲ್ಲೇ ಮಗಳಿಗೆ ಸಂಸ್ಕೃತ ಬಾಯಿಪಾಠ ಮಾಡಿಸಿದಳು. ಎಪ್ಪತ್ತರ ದಶಕದ ಬರ ಬಂದಾಗ ಕೈಯಲ್ಲಿದ್ದದ್ದೆಲ್ಲ ವ್ರತಕ್ಕೆ, ಬ್ರಾಹ್ಮಣಭೋಜನಕ್ಕೆ ಖರ್ಚಾಗಿತ್ತು. ಕೂಲಿ ಮಾಡೋಣವೆಂದರೆ ಜಾತಿ ಬಿಡದು, ಭಿಕ್ಷೆ ಬೇಡೋಣವೆಂದರೆ ನಾಲಿಗೆ ಏಳದು. ಎಲೆ, ಕಾಡಿನ ಹಣ್ಣು ತಿಂದರು. ಸಾಯುತ್ತಿದ್ದ ತಾಯಿಗಾಗಿ ಹದಿಹರೆಯದ ರಮಾ ಒಬ್ಬರ ಬಾಗಿಲಲ್ಲಿ ನಿಂತು, ಬಾಯಿಬಿಟ್ಟು ಕೇಳಲಾಗದೆ ಕಣ್ಣೀರು ಹಾಕಿ, ಒಂದು ತುಂಡು ಒಣ ರೊಟ್ಟಿ ತಂದಿದ್ದಳು. ತಾಯಿಗೆ ಅದನ್ನು ನುಂಗಲೂ ಆಗಲಿಲ್ಲ. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹೋದರು. ಉಳಿದವರು ರಮಾ ಮತ್ತು ಅಣ್ಣ ಶ್ರೀನಿವಾಸ. ಉತ್ತರದ ಚಳಿಯಲ್ಲಿ ಹೊದಿಕೆಯಿಲ್ಲದೆ ಝೀಲಂ ನದಿಯ ಮರಳಲ್ಲಿ ಗುಂಡಿ ತೋಡಿ ಮೈ ಹುಗಿದುಕೊಂಡು ಮಲಗಿದರು. ಶಾಸ್ತ್ರದಲ್ಲಿ ಹೇಳಿದ್ದನ್ನೆಲ್ಲ ಅಕ್ಷರಕ್ಷರ ಮಾಡಿದ್ದಾಯಿತು, ದೇವರು ಮಾತ್ರ ಕಾಣಲಿಲ್ಲ ಎಂಬ ತೀರ್ಮಾನಕ್ಕೆ ಇಬ್ಬರೂ ಬಂದದ್ದು ಹೀಗೆ. ಪುಸ್ತಕ ಓದಿ ಬಂದ ಸಂಶಯವಲ್ಲ ಅದು.

1878ರಲ್ಲಿ ಕಲ್ಕತ್ತೆ ತಲುಪಿದಾಗ ಈ ಇಪ್ಪತ್ತರ ಹುಡುಗಿಯ ಸಂಸ್ಕೃತ ಕೇಳಿ ಪಂಡಿತರು ದಂಗಾದರು. ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಅಲ್ಲಿಯೇ ಮೊದಲ ಸಲ ಕ್ರೈಸ್ತರ ಕೂಟವೊಂದಕ್ಕೆ ಅಣ್ಣ ತಂಗಿ ಹೋದರು. ಎಲ್ಲರೂ ಕುರ್ಚಿಗೆ ಮುಖ ಮಾಡಿ ಮಂಡಿಯೂರಿ ಕಣ್ಣು ಮುಚ್ಚಿದ್ದನ್ನು ಕಂಡು, ಇವರ ದೇವರು ಕುರ್ಚಿಯೇ ಇರಬೇಕು ಎಂದುಕೊಂಡರಂತೆ. ಹೊರಗಿನವರ ಕಣ್ಣಿಗೆ ನಮ್ಮ ಆಚಾರವೂ ಹೀಗೇ ಕಾಣುತ್ತದಲ್ಲವೇ! ಬ್ರಹ್ಮಸಮಾಜದ ಕೇಶವಚಂದ್ರ ಸೇನರು ವೇದ ಓದಲು ಹೇಳಿದಾಗ ಆಕೆಯೇ ಹಿಂಜರಿದಳು. ಹೆಂಗಸು ಓದಬಾರದೆಂಬ ಅಪ್ಪನ ಗೆರೆ ಇನ್ನೂ ಮನಸ್ಸಿನಲ್ಲಿತ್ತು. ಆಮೇಲೆ ಓದಿದಳು, ಧರ್ಮಶಾಸ್ತ್ರಗಳನ್ನೂ ತಿರುವಿದಳು. ನೂರೆಂಟು ವಿಷಯಗಳಲ್ಲಿ ಒಂದಕ್ಕೊಂದು ಜಗಳವಾಡುವ ಗ್ರಂಥಗಳು ಹೆಣ್ಣನ್ನು ಕೀಳೆನ್ನುವಲ್ಲಿ ಮಾತ್ರ ಒಂದಾಗುತ್ತವೆ ಎಂಬುದು ಆಕೆಗೆ ಕಂಡಿತು.

1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಜಾತಿ ಮೀರಿ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯನ್ನು ನೋಂದಣಿ ಮದುವೆಯಾದಳು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾಕ್ಕೆ ಬಲಿಯಾದ. ಇಪ್ಪತ್ಮೂರರ ವಿಧವೆ ಕೂಸನ್ನೆತ್ತಿಕೊಂಡು ಪುಣೆಗೆ ಬಂದಳು.

ಪುಣೆಯಲ್ಲಿ ಆಕೆ ಆರ್ಯ ಮಹಿಳಾ ಸಮಾಜ ಕಟ್ಟಿದಳು, ಹಂಟರ್ ಆಯೋಗದ ಮುಂದೆ ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಹೇಳಿಕೆ ಕೊಟ್ಟಳು, ಸ್ತ್ರೀಧರ್ಮನೀತಿ ಎಂಬ ಪುಸ್ತಕ ಬರೆದಳು. ವೈದ್ಯಕೀಯ ಓದಬೇಕೆಂಬ ಆಸೆಗೆ ಪಂಚಹೌದಿನ ಆಂಗ್ಲಿಕನ್ ಸನ್ಯಾಸಿನಿಯರ ಪರಿಚಯ ಸೇರಿ, 1883ರಲ್ಲಿ ಅವರ ಮೂಲಮಠವಿದ್ದ ಇಂಗ್ಲೆಂಡಿನ ವಾಂಟೇಜಿಗೆ ಹೊರಟಳು. ಹಡಗಿನ ಖರ್ಚಿಗೆ ಪುಸ್ತಕದ ದುಡ್ಡು ನೆರವಾಯಿತು. ಕಿವಿ ಮಂದವಾಗುತ್ತ ಬಂದದ್ದರಿಂದ ವೈದ್ಯಕೀಯ ಕೈಗೂಡಲಿಲ್ಲ.

ಅಲ್ಲಿ ಆಕೆಯನ್ನು ಸೆಳೆದದ್ದು ದೇವತಾಶಾಸ್ತ್ರವಲ್ಲ. ಲಂಡನ್ನಿನ ಫುಲ್‌ಹ್ಯಾಮಿನಲ್ಲಿ ಸನ್ಯಾಸಿನಿಯರು ನಡೆಸುತ್ತಿದ್ದ ಆಶ್ರಯಧಾಮಕ್ಕೆ ಕರೆದೊಯ್ದರು. ಸಮಾಜ ಜಾರಿದವರೆಂದು ಹೊರಗಿಟ್ಟ ಹೆಂಗಸರನ್ನು ಇಲ್ಲಿ ಮನುಷ್ಯರಂತೆ ನೋಡಿಕೊಳ್ಳುತ್ತಿದ್ದರು. ಇದೇಕೆ ಹೀಗೆ ಎಂದು ಕೇಳಿದಾಗ, ಬಾವಿಯ ಬಳಿ ಸಮಾರ್ಯದ ಹೆಂಗಸಿನ ಹತ್ತಿರ ಯೇಸು ಕುಡಿಯಲು ನೀರು ಕೇಳಿದ ಯೋಹಾನನ ಸುವಾರ್ತೆಯ ಕಥೆಯನ್ನು ಓದಿ ಹೇಳಿದರು. ಕೀಳು ಕುಲದವಳು, ನಡತೆಗೆಟ್ಟವಳು ಎಂದು ಊರೇ ದೂರವಿಟ್ಟ ಹೆಂಗಸು. ಅವಳ ಕೊಡದ ನೀರಿಗೆ ಕೈಯೊಡ್ಡಿದವನ ಮಾತು ಮಾಳದ ಬ್ರಾಹ್ಮಣ ಮನೆತನದ ಮಗಳಿಗೆ ಎಷ್ಟು ಬೇಗ ಅರ್ಥವಾಗಿರಬೇಕು ಊಹಿಸಿ. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರ ದೀಕ್ಷಾಸ್ನಾನವಾಯಿತು. ಪುಣೆಯಲ್ಲಿ ಬೆಂಕಿ ಹತ್ತಿತು. ಆಕೆಯನ್ನು ಹೊತ್ತು ಮೆರೆಸಿದ್ದವರೇ ಬಯ್ಯತೊಡಗಿದರು.

ಕಥೆಯನ್ನು ಇಲ್ಲಿಗೆ ನಿಲ್ಲಿಸುವವರು ಎರಡೂ ಕಡೆ ಇದ್ದಾರೆ. ಒಬ್ಬರಿಗೆ ಇದು ದ್ರೋಹ, ಇನ್ನೊಬ್ಬರಿಗೆ ಗೆಲುವು. ನನಗೆ ಇದರ ಮುಂದಿನದೇ ಹೆಚ್ಚು ಮುಖ್ಯ. ಏಕೆಂದರೆ ಹೊಸ ಮನೆಯಲ್ಲಿ ಬಹಳ ಕಾಲ ಕಳೆಯುವುದರೊಳಗೆ ಆಕೆಗೆ ಹಳೆಯ ವಾಸನೆ ಬಡಿಯಿತು.

ಆಕೆಯ ಧರ್ಮಮಾತೆ ಸಿಸ್ಟರ್ ಜೆರಾಲ್ಡೀನ್. ರಮಾಬಾಯಿ ಆಕೆಯನ್ನು ಆಜೀಬಾಯಿ, ಅಂದರೆ ಅಜ್ಜಿ ಎಂದೇ ಕರೆಯುತ್ತಿದ್ದಳು. ಪ್ರೀತಿ ಇತ್ತು, ಪತ್ರಗಳಲ್ಲಿ ಜಗಳವೂ ಇತ್ತು. ಮೊದಲ ಜಗಳ ಊಟದ್ದು. ರಮಾಬಾಯಿ ಮಾಂಸ ಮುಟ್ಟಳು, ಮೊಟ್ಟೆ ಹಾಕಿದ ಪುಡಿಂಗ್ ತಿನ್ನಳು. ಇದು ಬಿಡಲಾಗದ ಜಾತಿಯ ಹೆಮ್ಮೆ ಎಂದು ಜೆರಾಲ್ಡೀನ್ ಆಕ್ಷೇಪಿಸಿದರು. ತನ್ನ ತಟ್ಟೆಯಲ್ಲಿ ಏನಿರಬೇಕೆಂದು ಕ್ರಿಸ್ತ ಹೇಳಿಲ್ಲ, ನಂಬಿಕೆಗೆ ಅಡ್ಡಬಾರದ ತನ್ನ ನಾಡಿನ ಪದ್ಧತಿಯನ್ನು ತಾನೇಕೆ ಬಿಡಬೇಕು ಎಂಬುದು ಇವಳ ವಾದ. ತಿನ್ನಬೇಡ ಎನ್ನುವುದು ಕಟ್ಟಳೆಯಾದರೆ ತಿನ್ನಲೇಬೇಕು ಎನ್ನುವುದೂ ಕಟ್ಟಳೆಯೇ ತಾನೆ? ಆಕೆ ಸಾಯುವವರೆಗೂ ಸಸ್ಯಾಹಾರಿ, ಉಟ್ಟದ್ದು ಬಿಳಿ ಸೀರೆ.

ಎರಡನೆಯದು ಶಿಲುಬೆಯದು. ಕೊರಳಲ್ಲಿ ಧರಿಸುವ ಪುಟ್ಟ ಶಿಲುಬೆಯ ಮೇಲೆ ಲ್ಯಾಟಿನ್ನಿನಲ್ಲಿ ಏನೋ ಕೆತ್ತಿತ್ತು. ಲ್ಯಾಟಿನ್ ಏಕೆ ಎಂದು ರಮಾಬಾಯಿ ಕೇಳಿದಳು. ತನಗೂ ಬಾರದು, ತನ್ನ ಜನಕ್ಕೂ ಬಾರದು. ಅರ್ಥವಾಗದ ಪವಿತ್ರ ಭಾಷೆಯೇ ಬೇಕಾದರೆ ಸಂಸ್ಕೃತ ಇತ್ತಲ್ಲ, ಅದಕ್ಕಿಂತ ಲ್ಯಾಟಿನ್ನಿಗೆ ಯಾವ ದೊಡ್ಡ ಕೋಡು ಎಂಬುದು ಪ್ರಶ್ನೆಯ ಸಾರ. ಜನರಿಗೆ ತಿಳಿಯದ ಭಾಷೆಯಲ್ಲಿ ದೇವರನ್ನು ಬಚ್ಚಿಡುವುದು ಹೇಗೆಂದು ಪುರಾಣ ಓದುವವರ ಮನೆಯಲ್ಲಿ ಬೆಳೆದವಳಿಗೆ ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮೂರನೆಯದು ದೊಡ್ಡದು. ಚೆಲ್ಟನಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಓದುತ್ತ ಕಲಿಸುತ್ತ ಇದ್ದಾಗ ಗಂಡು ವಿದ್ಯಾರ್ಥಿಗಳಿಗೂ ಪಾಠ ಹೇಳುವ ಮಾತು ಬಂತು. ಲಾಹೋರಿನ ಮತ್ತು ಮುಂಬಯಿಯ ಬಿಷಪ್ಪರು ಬೇಡವೆಂದರು. ಗಂಡಸರಿಗೆ ಪಾಠ ಹೇಳಿದವಳೆಂದರೆ ಭಾರತದಲ್ಲಿ ಆಕೆಯ ಮರ್ಯಾದೆ ಕೆಡುತ್ತದಂತೆ. ಕಲ್ಕತ್ತೆಯಲ್ಲಿ ಪಂಡಿತರ ಸಭೆಯಲ್ಲಿ, ಊರೂರಿನಲ್ಲಿ ಗಂಡಸರೆದುರು ಭಾಷಣ ಮಾಡಿ ಬಂದವಳಿಗೆ ಈ ಉಪದೇಶ! ಹೆಣ್ಣಿಗೆ ಸ್ವಾತಂತ್ರ್ಯ ಕೊಡುವ ಧರ್ಮ ನಮ್ಮದು ಎಂದು ಭಾರತದಲ್ಲಿ ಸಾರುತ್ತಿದ್ದವರ ಮಾತಿಗೂ ನಡೆಗೂ ನಡುವಿನ ಬಿರುಕು ಆಕೆಗೆ ಇಲ್ಲಿ ಚೆನ್ನಾಗಿಯೇ ಕಂಡಿತು. ಚರ್ಚಿನ ದನಿಗೆ ಪ್ರಶ್ನೆಯಿಲ್ಲದೆ ತಲೆಬಾಗಬೇಕೆಂದಾಗ ಆಕೆ ಒಪ್ಪಲಿಲ್ಲ. ಪುರೋಹಿತರ ನೊಗ ಈಗಷ್ಟೇ ಕಳಚಿದೆ, ಅದೇ ನೊಗವನ್ನು ಬಿಷಪ್ಪರ ಕೈಯಿಂದ ಮತ್ತೆ ಹೊರಲಾರೆ ಎಂಬ ಅರ್ಥದಲ್ಲಿ ಬರೆದಳು. ತ್ರಿಯೇಕತ್ವದಂಥ ಬೋಧನೆಗಳಲ್ಲೂ ಅರ್ಥವಾಗದ್ದನ್ನು ಅರ್ಥವಾಯಿತು ಎನ್ನಲು ಸಿದ್ಧಳಿರಲಿಲ್ಲ. ಜೆರಾಲ್ಡೀನ್ ಇದನ್ನು ಅಹಂಕಾರವೆಂದರು. ಆದರೆ ಈ ಪತ್ರಗಳನ್ನೆಲ್ಲ ಜೋಪಾನ ಮಾಡಿ ಜೋಡಿಸಿಟ್ಟವರೂ ಅವರೇ. ತಮ್ಮನ್ನೇ ಟೀಕಿಸುವ ಕಾಗದಗಳನ್ನು ಹರಿದುಹಾಕದ ಆ ಹೆಂಗಸಿನ ಬಗ್ಗೆ ನನಗೆ ಗೌರವವಿದೆ. 1977ರಲ್ಲಿ ಅವು ಮಹಾರಾಷ್ಟ್ರದಲ್ಲಿ ಪುಸ್ತಕವಾಗಿ ಬಂದವು.

ಅಮೆರಿಕದ ವರ್ಷಗಳನ್ನು ಬೇಗ ಹೇಳಿಬಿಡಬಹುದು. 1886ರಲ್ಲಿ ಹೋದಳು, ಮೇಲ್ಜಾತಿಯ ಹಿಂದೂ ಹೆಣ್ಣಿನ ಸ್ಥಿತಿಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದಳು, ಬೋಸ್ಟನ್ನಿನಲ್ಲಿ ಸಹಾಯಕ್ಕೆ ಸಂಘವೊಂದು ಹುಟ್ಟಿತು. ಮೆಥಡಿಸ್ಟ್, ಬ್ಯಾಪ್ಟಿಸ್ಟ್, ಪ್ರೆಸ್ಬಿಟೇರಿಯನ್, ಯೂನಿಟೇರಿಯನ್ ಎಂದು ಒಬ್ಬರ ಮುಖ ಒಬ್ಬರು ನೋಡದ ಪಂಗಡಗಳನ್ನು ಕಂಡು ತಲೆ ತಿರುಗಿತು. ಶೈವ, ವೈಷ್ಣವ, ಸ್ಮಾರ್ತ ಜಗಳ ಬಿಟ್ಟು ಹಡಗು ಹತ್ತಿದವಳು ಇಳಿದದ್ದು ಇಲ್ಲಿ.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಳು. ಮುಂದಿನ ವರ್ಷದ ನವೆಂಬರಿನಲ್ಲಿ, ಪಂಚಹೌದ್ ಚಹಾದ ಗದ್ದಲ ಬಿಸಿಯಾಗಿದ್ದಾಗಲೇ, ಸದನ ಪುಣೆಗೆ ಬಂತು. ಸದನದಲ್ಲಿ ಮತಬೋಧನೆ ಇರಲಿಲ್ಲ. ಬ್ರಾಹ್ಮಣ ವಿಧವೆಯರು ತಮ್ಮ ಆಚಾರದಂತೆಯೇ ಅಡುಗೆ, ಊಟ ಮಾಡಿಕೊಂಡಿರಬಹುದಿತ್ತು. ಇದರಿಂದ ಎರಡೂ ಕಡೆಯವರಿಗೆ ಸಿಟ್ಟು. ಕ್ರೈಸ್ತಳಾಗಿ ಜಾತಿ ಪಾಲಿಸಲು ಬಿಟ್ಟಿದ್ದಾಳೆ ಎಂದು ಮಿಷನರಿಗಳು, ಹುಡುಗಿಯರನ್ನು ಕೆಡಿಸುತ್ತಿದ್ದಾಳೆ ಎಂದು ಕೇಸರಿ ಪತ್ರಿಕೆ. ಆಕೆ ತನ್ನ ಕೋಣೆಯಲ್ಲಿ ಪ್ರಾರ್ಥಿಸುವಾಗ ಬಾಗಿಲು ಹಾಕುತ್ತಿರಲಿಲ್ಲ, ಕೆಲವು ಹುಡುಗಿಯರು ಬಂದು ಕೂರುತ್ತಿದ್ದರು. 1893ರಲ್ಲಿ ಇದೇ ದೊಡ್ಡದಾಗಿ ರಾನಡೆ, ಭಂಡಾರಕರ್ ಸಲಹಾ ಸಮಿತಿಯಿಂದ ಹೊರಬಂದರು. ಅವರ ಅನುಮಾನಕ್ಕೆ ಆಧಾರವೇ ಇರಲಿಲ್ಲ ಎನ್ನಲಾರೆ, ಕೆಲವು ಹುಡುಗಿಯರು ಆಮೇಲೆ ಕ್ರೈಸ್ತರಾದದ್ದು ನಿಜ. ಅದೇ ವರ್ಷ ಸದನದ ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿಯನ್ನು ಧೋಂಡೋ ಕೇಶವ ಕರ್ವೆ ಮದುವೆಯಾದರು ಎಂಬುದೂ ಅಷ್ಟೇ ನಿಜ.

ಇಷ್ಟರವರೆಗೆ ಆಕೆ ಗುರುತಿಸಿದ್ದು ಬೇರೆಯವರ ಡಾಂಭಿಕತೆಯನ್ನು. ಅದು ಹೆಚ್ಚು ಕಷ್ಟದ ಕೆಲಸವಲ್ಲ, ನಾವೆಲ್ಲ ದಿನಾ ಮಾಡುತ್ತೇವೆ. ಕಷ್ಟದ್ದು 1891ರ ಸುಮಾರಿಗೆ ಬಂತು. ವಿಲಿಯಂ ಹ್ಯಾಸ್ಲಂ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆ ಆಕೆಯ ಕೈಗೆ ಸಿಕ್ಕಿತು. ಹ್ಯಾಸ್ಲಂ ಕಾರ್ನ್‌ವಾಲಿನ ಬಾಲ್ಡೂ ಎಂಬ ಹಳ್ಳಿಯಲ್ಲಿ ಪಾದ್ರಿಯಾಗಿದ್ದವರು. ಚರ್ಚಿನ ವಿಧಿ ವಿಧಾನಗಳಲ್ಲಿ ಎಳ್ಳಷ್ಟೂ ಲೋಪ ಮಾಡದವರು. 1851ರ ಒಂದು ಭಾನುವಾರ ಫರಿಸಾಯರಿಗೆ ಕ್ರಿಸ್ತ ಯಾರೆಂದೇ ತಿಳಿದಿರಲಿಲ್ಲ ಎಂದು ಪ್ರಸಂಗ ಮಾಡುತ್ತ ಮಾಡುತ್ತ, ಆ ಫರಿಸಾಯ ತಾನೇ ಎಂದು ವೇದಿಕೆಯ ಮೇಲೆಯೇ ಅವರಿಗೆ ಹೊಳೆಯಿತು. ಮಾತಿನ ಧಾಟಿಯೇ ಬದಲಾಯಿತು. ಪಾದ್ರಿಗೇ ಮನಪರಿವರ್ತನೆಯಾಯಿತೆಂದು ಕೆಳಗೆ ಕೂತವನೊಬ್ಬ ಎದ್ದು ಕೂಗಿದನಂತೆ. ಫರಿಸಾಯರೆಂದರೆ ಬೈಬಲಿನಲ್ಲಿ ಬಟ್ಟಲಿನ ಹೊರಮೈಯನ್ನು ಮಾತ್ರ ತೊಳೆಯುವವರು, ಉಪವಾಸ ಮಾಡಿದರೆ ಊರಿಗೆಲ್ಲ ಗೊತ್ತಾಗುವಂತೆ ಮಾಡುವವರು. ಅವರನ್ನು ಬಯ್ಯುವುದು ಪಾದ್ರಿಗಳಿಗೆ ನಿತ್ಯದ ಕೆಲಸ. ಬೆರಳು ತಮ್ಮ ಕಡೆ ತಿರುಗುವುದು ಅಪರೂಪ.

ರಮಾಬಾಯಿಗೂ ತಿರುಗಿತು. ದೀಕ್ಷಾಸ್ನಾನವಾಗಿ ಎಂಟು ವರ್ಷ. ಬಿಷಪ್ಪರ ಜೊತೆ ವಾದ ಗೆದ್ದಿದ್ದಾಯಿತು, ಯಾವ ಬೋಧನೆ ಸರಿ ಯಾವುದು ತಪ್ಪು ಎಂದು ತೂಗಿದ್ದಾಯಿತು. ಅಷ್ಟಾಗಿಯೂ ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ ಮಾತ್ರ, ಕ್ರಿಸ್ತನಲ್ಲ ಎಂದು ಆಕೆ ಬರೆದುಕೊಂಡಳು. ತನ್ನ ತಪ್ಪನ್ನು ತಾನೇ ತಿದ್ದಿಕೊಂಡು, ಅರ್ಹಳಾಗಿ, ಆಮೇಲೆ ದೇವರ ಮುಂದೆ ನಿಲ್ಲುತ್ತೇನೆ ಎಂಬ ಲೆಕ್ಕಾಚಾರ ತೀರ್ಥಯಾತ್ರೆಯ ಕಾಲದ್ದೇ. ವೇಷ ಬದಲಾಗಿತ್ತು, ಅಷ್ಟೆ. ಇದ್ದ ಹಾಗೆಯೇ ತನ್ನನ್ನು ಸ್ವೀಕರಿಸಲಾಗಿದೆ ಎಂಬ ನೆಮ್ಮದಿ ಸಿಕ್ಕಿದ್ದು ಆಗ. ಅದನ್ನು ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು. ಆದರೆ ಆಮೇಲಿನ ಆಕೆಯ ಕೆಲಸದ ಗಾತ್ರವನ್ನು ಯಾರೂ ಅಲ್ಲಗಳೆಯಲಾರರು.

1896-97ರ ಬರದಲ್ಲಿ ಮಧ್ಯಪ್ರಾಂತದಿಂದ ನೂರಾರು ಹುಡುಗಿಯರನ್ನು ಕರೆತಂದಳು. ತಾನು ಮರಳಲ್ಲಿ ಹುಗಿದುಕೊಂಡು ಮಲಗಿದ್ದು ನೆನಪಿತ್ತು. ಪುಣೆಯಲ್ಲಿ ಪ್ಲೇಗು ಬಂದು ಊರೊಳಗೆ ಜಾಗ ಕೊಡುವುದಿಲ್ಲವೆಂದಾಗ ಕೇಡಗಾಂವದಲ್ಲಿ ಕೊಂಡಿದ್ದ ಹೊಲಕ್ಕೆ ಹೋದರು. ಸೋಲಾಪುರ ರಸ್ತೆಯಲ್ಲಿ ಚೌಫುಲಾ ಬಳಿ ಇರುವ ಊರದು. ಕಲಬುರಗಿ, ದೌಂಡ್ ದಾರಿಯ ರೈಲಿನಲ್ಲಿ ಪುಣೆಗೆ ಬರುವವರು ಕೇಡಗಾಂವ ದಾಟಿಯೇ ಬರುತ್ತಾರೆ. ಅಲ್ಲಿ ಮುಕ್ತಿ ಸದನ ಎದ್ದಿತು. ಅದೇ ಹೊತ್ತಿನಲ್ಲಿ ಪುಣೆಯ ಪ್ಲೇಗು ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆಯಿಲ್ಲವೆಂದು ಆಕೆ ಪತ್ರಿಕೆಗೆ ಬಹಿರಂಗವಾಗಿ ಬರೆದಳು. ಆಳುವವರು ತನ್ನ ಧರ್ಮದವರೇ ಎಂದು ಸುಮ್ಮನಾಗಲಿಲ್ಲ.

1900ರ ಹೊತ್ತಿಗೆ ಮುಕ್ತಿಯಲ್ಲಿ ಸಾವಿರಕ್ಕೂ ಮಿಕ್ಕಿ ಜನ. ಕುರುಡರಿಗೆ ಶಾಲೆ, ನೇಯ್ಗೆ, ಹೊಲಗೆಲಸ, ಅಚ್ಚುಕೂಟ ಎಲ್ಲ ಅಲ್ಲೇ. ಫುಲ್‌ಹ್ಯಾಮಿನಲ್ಲಿ ಕಂಡದ್ದನ್ನು ಮರೆಯದೆ, ಸಮಾಜ ಹೊರಗಿಟ್ಟ ಹೆಂಗಸರಿಗೆ ಕೃಪಾ ಸದನ ಕಟ್ಟಿದಳು. ಮುಕ್ತಿಯನ್ನು ಯಾವ ಪಂಗಡಕ್ಕೂ ಬರೆದುಕೊಡಲಿಲ್ಲ.

1905ರಲ್ಲಿ ಮುಕ್ತಿಯಲ್ಲಿ ದೊಡ್ಡ ಧಾರ್ಮಿಕ ಜಾಗೃತಿಯೊಂದು ಎದ್ದಿತು. ಅಳು, ಪ್ರಾರ್ಥನೆ, ಆವೇಶ, ಮುಂದೆ ಅನ್ಯಭಾಷೆಗಳಲ್ಲಿ ಮಾತಾಡುವುದು. ಹೊರದೇಶಗಳಿಂದ ಜನ ನೋಡಲು ಬಂದರು. ಅನ್ಯಭಾಷೆ ಬಂದವರಿಗೆ ಮಾತ್ರ ಪವಿತ್ರಾತ್ಮ ಸಿಕ್ಕಿದೆ ಎನ್ನುವ ಹೊಸ ಅಳತೆಗೋಲು ಆ ಕಾಲದಲ್ಲಿ ಅಲ್ಲಲ್ಲಿ ಹುಟ್ಟಿತ್ತು. ರಮಾಬಾಯಿಗೆ ಆ ವರ ಬಂದಿರಲಿಲ್ಲ. ಬಂದವರನ್ನು ತಡೆಯಲೂ ಇಲ್ಲ, ಅದನ್ನು ನಿಯಮ ಮಾಡಲೂ ಇಲ್ಲ. ಪ್ರೀತಿಯೊಂದೇ ಬೇಕಾದ ಗುರುತು ಎಂಬುದು ಆಕೆಯ ನಿಲುವಾಗಿತ್ತು. ಇಷ್ಟು ದೊಡ್ಡ ಅಲೆ ಸ್ವಂತ ಅಂಗಳದಲ್ಲೇ ಎದ್ದಾಗ ಅದಕ್ಕೆ ಕಟ್ಟಳೆಯ ಬೇಲಿ ಹಾಕದಿರುವುದು ಸಣ್ಣ ಮಾತಲ್ಲ.

ಹಾಗೆಂದು ಆಕೆಯಲ್ಲಿ ಬಿಗಿತನ ಇರಲಿಲ್ಲ ಎಂದು ತಿಳಿಯಬೇಡಿ. ಕೊನೆಯ ವರ್ಷಗಳಲ್ಲಿ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದಳು. ಹಳ್ಳಿಯ ಹೆಂಗಸಿಗೆ ತಿಳಿಯುವ ಭಾಷೆ ಇರಬೇಕೆಂಬ ಹಟ, ಲ್ಯಾಟಿನ್ ಏಕೆ ಎಂದು ಕೇಳಿದ ಹುಡುಗಿಯದೇ. ಆದರೆ ಹಿಂದೂ ಪೂಜೆಯ ನೆರಳಿದೆ ಎನಿಸಿದ ಸಂಸ್ಕೃತ ಪದಗಳನ್ನು ಹುಡುಕಿ ಹುಡುಕಿ ತೆಗೆದಳು. ಇಲ್ಲಿ ಸ್ವಲ್ಪ ಮಡಿ ಹೆಚ್ಚಾಯಿತು ಎಂದೇ ನನಗನಿಸುತ್ತದೆ. ಸಂಸ್ಕೃತವನ್ನು ತಾಯಿಯ ಬಾಯಿಂದ ಕಲಿತವಳು ಪದಗಳಿಗೂ ಮೈಲಿಗೆ ಹಚ್ಚಿದಳಲ್ಲ. ಮರಾಠಿ ಚರ್ಚುಗಳಲ್ಲಿ ಆ ಅನುವಾದ ಹೆಚ್ಚು ಬಳಕೆಗೆ ಬರಲಿಲ್ಲ.

ಮಾಳಕ್ಕೆ ಆಕೆಯ ಬದುಕು ಮರಳಲಿಲ್ಲ, ಕರ್ನಾಟಕಕ್ಕೆ ಮರಳಿತು. 1912ರಲ್ಲಿ ಆಗಿನ ನಿಜಾಮ ಸೀಮೆಯ ಗುಲ್ಬರ್ಗಾದಲ್ಲಿ ಶಾಲೆ ತೆರೆದು ಮನೋರಮಾಳನ್ನು ಅದರ ಮುಖ್ಯಸ್ಥೆ ಮಾಡಿದಳು. ತಾಯಿಯ ನಂತರ ಮುಕ್ತಿಯನ್ನು ನೋಡಿಕೊಳ್ಳಬೇಕಾಗಿದ್ದ ಮಗಳು 1921ರ ಜುಲೈಯಲ್ಲಿ ತೀರಿಕೊಂಡಳು. ಒಂಬತ್ತು ತಿಂಗಳಿಗೆ, 1922ರ ಏಪ್ರಿಲ್ 5ರಂದು, ತಾಯಿಯೂ ಹೋದಳು. ಅಷ್ಟರಲ್ಲಿ ಅನುವಾದ ಮುಗಿದಿತ್ತು. ಬರದಲ್ಲಿ ಬದುಕುಳಿದು ಬಂದು ಅಚ್ಚುಮೊಳೆ ಜೋಡಿಸಲು ಕಲಿತ ಹೆಂಗಸರ ಕೈಯಿಂದ ಆ ಪುಸ್ತಕ 1924ರಲ್ಲಿ ಕೇಡಗಾಂವದ ಅಚ್ಚುಕೂಟದಿಂದ ಹೊರಬಂತು.